ಹಿಂದಿನಿಂದ ಕರೆಯಬಾರದು

ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಎಲ್ಲಿಗೂ ಹೊರಡದೆ ಸುಮ್ಮನೆ ಕೂತವರನ್ನೂ ಹಿಂದಿನಿಂದ ಕರೆಯುವಂತಿರಲಿಲ್ಲ. ಒಲೆಯ ಮುಂದೆ ಕೂತ ಅವ್ವನಿಗೆ ಏನಾದರೂ ಹೇಳಬೇಕಿದ್ದರೆ ಹತ್ತಿರ ಹೋಗಬೇಕು, ಹೆಗಲು ಮುಟ್ಟಬೇಕು, ಅವಳು ತಿರುಗಿ ನಮ್ಮ ಮುಖ ನೋಡಿದ ಮೇಲೆ ಬಾಯಿ ತೆರೆಯಬೇಕು. ಮರೆತು ದೂರದಿಂದ ಕೂಗಿ, ಆಮೇಲೆ ಎದುರಿಗೆ ಹೋಗಿ ಆಗಲೇ ಕರೆದೆನಲ್ಲ ಎಂದರೆ ಬೈಗುಳ ತಪ್ಪಿದ್ದಲ್ಲ. "ದೂರದಿಂದ ಕೂಗೋಕೆ ನಾನೆಂತ ದನನಾ? ಮುಟ್ಟಿ ಮಾತಾಡ್ಸು" ಎನ್ನುತ್ತಿದ್ದಳು.

ಅಜ್ಜಿ ಹುಲಿಯಮ್ಮನೂ ಹಾಗೇ ಇದ್ದಳಂತೆ. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರಿನವಳು ಅವಳು. ಊರು ಮುಳುಗಿ ಜನ ದಿಕ್ಕಾಪಾಲಾದ ಮೇಲೆ ಅವಳನ್ನು ಹತ್ತಿರದಿಂದ ಬಲ್ಲವರು ಯಾರೂ ನಮ್ಮ ಅಕ್ಕಪಕ್ಕ ಉಳಿಯಲಿಲ್ಲ. ಅವಳ ರಿವಾಜು ಮಾತ್ರ ಉಳಿಯಿತು. ಮದುವೆಮನೆಗಳಲ್ಲಿ ನೆಂಟರು, ಹುಲಿಯಮ್ಮನ ಮನೆಯವರು ಮೈ ಮುಟ್ಟದೆ ಮಾತಾಡುವವರಲ್ಲ, ಅಷ್ಟು ಪ್ರೀತಿ ಎಂದು ತಮಾಷೆ ಮಾಡುತ್ತಿದ್ದರು. ನಾನೂ ಅದನ್ನು ಪ್ರೀತಿ ಎಂದೇ ತಿಳಿದಿದ್ದೆ, ನನ್ನ ಮಗಳಿಗೂ ಅದನ್ನೇ ಕಲಿಸಿದೆ.

ನಾನು ಹೇಮಾವತಿ. ಸಾಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು, ಮನೆ ಹೊಸನಗರದಲ್ಲಿ. ಗಂಡ ಎನ್ನಿಸಿಕೊಂಡವನು ಬೇರೆ ಸಂಸಾರ ಮಾಡಿಕೊಂಡು ಘಟ್ಟದ ಕೆಳಗಿದ್ದಾನೆ. ಅವನ ಸುದ್ದಿ ಇಷ್ಟು ಸಾಕು. ಮನೆಯಲ್ಲಿ ಇರುವುದು ಅವ್ವ, ನಾನು, ಮೂರನೇ ಕ್ಲಾಸಿನ ಭವ್ಯಶ್ರೀ.

ಜರ್ಮನಿಗೆ ಹೋಗುತ್ತೇನೆ ಎಂದು ನಾನು ಹೊರಟದ್ದು ದೊಡ್ಡಸ್ತಿಕೆಗಲ್ಲ. ಇಲ್ಲಿ ಶಾಲೆಯ ಗೇಟಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಗೃಹಪ್ರವೇಶದ ಪಂಕ್ತಿಯಲ್ಲಿ ಯಾರಾದರೊಬ್ಬರು ಭವ್ಯಳ ಗಲ್ಲ ಹಿಡಿದು, ನಿನ್ನ ಅಪ್ಪ ಬರಲಿಲ್ಲವಾ ಪುಟ್ಟಿ ಎಂದು ಕೇಳಿಯೇ ಕೇಳುತ್ತಾರೆ. ಗೊತ್ತಿದ್ದೂ ಕೇಳುತ್ತಾರೆ. ಅವಳು ಉತ್ತರ ಹೇಳದೆ ನನ್ನ ಸೆರಗು ಹಿಡಿದು ನಿಲ್ಲುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಯಾರೂ ಆ ಪ್ರಶ್ನೆ ಕೇಳದ ಒಂದು ಊರು ಬೇಕಿತ್ತು ನನಗೆ, ಅಷ್ಟೆ. ಅಲ್ಲಿನ ಒಂದು ವೃದ್ಧಾಶ್ರಮದವರು ನನ್ನನ್ನು ತೆಗೆದುಕೊಳ್ಳಲು ಒಪ್ಪಿದ್ದರು. ಹೋಗಿ ನೆಲೆ ನಿಂತ ಮೇಲೆ ಮಗಳನ್ನೂ ಕರೆಸಿಕೊಳ್ಳಬಹುದು. ಅವರ ಭಾಷೆಯ ಪರೀಕ್ಷೆಯೊಂದನ್ನು ಪಾಸು ಮಾಡಬೇಕು, ವರ್ಷದ ಕೊನೆಯ ತನಕ ಕಾಯುತ್ತೇವೆ ಎಂದಿದ್ದರು. ಓದುವುದು, ಬರೆಯುವುದು, ಮಾತನಾಡುವುದು, ಕೇಳುವುದು ಎಂದು ನಾಲ್ಕು ಭಾಗ. ಮೊದಲ ಮೂರು ಮುಗಿದಿದ್ದವು. ಕೇಳುವುದರಲ್ಲಿ ಎರಡು ಸಲ ಫೇಲಾಗಿದ್ದೆ.

ಹೇರಂಬ ಸರ್‌ಗೆ ಇದೊಂದು ಸೋಜಿಗವಾಗಿತ್ತು. ಅವರು ಜರ್ಮನಿಯ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದು ಬಂದು, ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯಲ್ಲಿ ಭಾನುವಾರದ ಕ್ಲಾಸು ನಡೆಸುತ್ತಿದ್ದವರು. ಕ್ಲಾಸಿಗೆ ಬರುವವರೆಲ್ಲ ಆಗಷ್ಟೇ ನರ್ಸಿಂಗ್ ಮುಗಿಸಿದ ಮಕ್ಕಳು. ನಾನೇ ಹಿರಿಯಳು, ಮೊದಲ ಬೆಂಚಿನವಳು. ಅವರು ಎದುರಿಗೆ ನಿಂತು ಜರ್ಮನ್‌ನಲ್ಲಿ ಏನು ಕೇಳಿದರೂ ನಾನು ಪಟಪಟ ಹೇಳುತ್ತಿದ್ದೆ. ಮಾತಿನ ಪರೀಕ್ಷೆಯಲ್ಲೂ ಪರೀಕ್ಷಕರು ತಲೆದೂಗಿದ್ದರು. ಸ್ಪೀಕರಿನಿಂದ ಧ್ವನಿ ಬಂದರೆ ಮಾತ್ರ ನಾನು ಮಂಕಾಗಿಬಿಡುತ್ತಿದ್ದೆ.

"ಮಗುವಿಗೆ ಯಾರು ವ್ಯಾಕರಣ ಹೇಳ್ಕೊಡ್ತಾರೆ ಹೇಳಿ?" ಎಂದರು ಹೇರಂಬ ಸರ್. "ಕೇಳ್ತಾ ಕೇಳ್ತಾ ಕಲಿಯತ್ತೆ. ನೀವೂ ಹಾಗೇ ಮಾಡಿ. ಅರ್ಥ ಆಗ್ಲಿ ಬಿಡ್ಲಿ, ದಿನಾ ಅಲ್ಲಿನ ರೇಡಿಯೋ ಹಾಕಿ. ಅಡುಗೆ ಮಾಡುವಾಗ, ಬಟ್ಟೆ ಮಡಿಸುವಾಗ ಹಾಕಿ. ವಿಡಿಯೋ ಬೇಡ, ರೇಡಿಯೋನೇ ಆಗ್ಬೇಕು. ಮುಖ ಕಾಣ್ಸಿದ್ರೆ ಕಿವಿ ಸೋಮಾರಿ ಆಗತ್ತೆ."

ಗುರುಗಳು ಹೇಳಿದ ಮೇಲೆ ಮುಗಿಯಿತು. ಸಾಗರದ ಮೊಬೈಲ್ ಅಂಗಡಿಯಲ್ಲಿ ಹಳೆ ಕಾಲದ ರೇಡಿಯೋದ ಆಕಾರದ ಒಂದು ಬ್ಲೂಟೂತ್ ಡಬ್ಬಿ ಸಿಕ್ಕಿತು. ಎದುರಿಗೆ ತಿರುಗಿಸುವ ದೊಡ್ಡ ಗುಂಡಿ ಇತ್ತು. ಮನೆಯಲ್ಲಿದ್ದ ಹಳೆಯ ಮೊಬೈಲಿನಲ್ಲಿ ಉತ್ತರ ಜರ್ಮನಿಯ ಒಂದು ಸ್ಟೇಷನ್ ಹಾಕಿದರೆ ಇದರಲ್ಲಿ ಮಾತು ಕೇಳುತ್ತಿತ್ತು. ಸಿಗ್ನಲ್ ಸಿಗುವುದು ಜಗಲಿ ಕಡೆಯ ಕಿಟಕಿಯಲ್ಲಿ ಮಾತ್ರ. ಹಾಗಾಗಿ ಎರಡನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅವ್ವ ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟಳು. ಹೊಸ ಮಿಕ್ಸಿಗೂ ಇಟ್ಟಿದ್ದಳು.

ನಮ್ಮ ಸಂಜೆ ಅವರಿಗೆ ಮಧ್ಯಾಹ್ನ. ನಾನು ಕೆಲಸದಿಂದ ಬರುವ ಹೊತ್ತಿಗೆ ಅಲ್ಲಿ ವಾರ್ತೆ, ಹವಾಮಾನ, ಆಮೇಲೆ ರಸ್ತೆಗಳ ಸಮಾಚಾರ. ಯಾವ ಹೆದ್ದಾರಿಯಲ್ಲಿ ಎಷ್ಟು ದೂರ ವಾಹನ ನಿಂತಿದೆ ಎಂಬುದನ್ನು ಅವರು ನಮ್ಮವರು ಅಡಿಕೆ ಧಾರಣೆ ಹೇಳುವಷ್ಟು ಶ್ರದ್ಧೆಯಿಂದ ಹೇಳುತ್ತಾರೆ. ಭವ್ಯ ಜಗಲಿಯಲ್ಲಿ ಕಿಟಕಿಗೆ ಬೆನ್ನು ಕೊಟ್ಟು ಕೂತು ಹೋಂವರ್ಕ್ ಮಾಡುತ್ತಾ ಕೇಳುತ್ತಿದ್ದಳು. ವಾರ್ತೆಗೆ ಮುಂಚೆ ಬರುವ ರಾಗ ಅವಳಿಗೆ ಬಾಯಿಪಾಠ. ಆಗಾಗ ತಲೆಯ ಹಿಂದೆ ಕೈ ಚಾಚಿ, ಸರಳುಗಳ ನಡುವೆ ತಡಕಾಡಿ ಗುಂಡಿ ತಿರುಗಿಸುತ್ತಿದ್ದಳು. "ಜೋರಿಡಮ್ಮ, ಎಂತ ಹೇಳ್ತಾರೆ ಗೊತ್ತಾಗಲ್ಲ."

"ಜೋರಿಟ್ರೂ ಗೊತ್ತಾಗಲ್ಲ ಕಣೆ, ಅದು ಜರ್ಮನ್" ಎಂದು ನಾನು ನಗುತ್ತಿದ್ದೆ. ಆದರೆ ನನಗೂ ಜೋರೇ ಬೇಕಿತ್ತು. ಗುಂಡಿಯನ್ನು ನಾನೂ ಇನ್ನಷ್ಟು ತಿರುಗಿಸುತ್ತಿದ್ದೆ.

ಪಕ್ಕದ ಮನೆಯ ಪುಷ್ಪಮ್ಮ ಬೇಲಿಯಾಚೆಯಿಂದ ಬಗ್ಗಿ ನೋಡಿ ಹೇಳಿದರು. "ಹೇಮಾ, ನಿನ್ನ ಜರ್ಮನಿಯವ್ರು ನಮ್ಮನೆ ಒಗ್ಗರಣೆ ಹೊತ್ತಿಗೆ ಸರಿಯಾಗಿ ಬರ್ತಾರಲ್ಲೇ. ಊಟಕ್ಕೆ ಎಲೆ ಹಾಕ್ಬೇಕಾ ಎಂತ?"

"ಹಾಕಿ ಪುಷ್ಪಕ್ಕ, ನಿಮ್ಮ ಸಾರು ಉಂಡಾದ್ರೂ ಸ್ಪಷ್ಟ ಮಾತಾಡ್ತಾರೇನೋ" ಎಂದೆ.

ಸ್ಪಷ್ಟ ಮಾತಾಡುತ್ತಿಲ್ಲ ಎಂದೇ ನನ್ನ ತಕರಾರು. ಏನು ಬರುತ್ತಿದೆ ಎಂದು ಹೇಳುವುದೇ ಕಷ್ಟ. ಧ್ವನಿ ಬರುತ್ತಿತ್ತು, ಜೋರಾಗಿಯೇ ಬರುತ್ತಿತ್ತು. ಯಾರೋ ಮಾತಿನ ಅನ್ನವನ್ನೆಲ್ಲ ತಾವು ಬಸಿದುಕೊಂಡು ನನಗೆ ಗಂಜಿ ನೀರು ಮಾತ್ರ ಕಳಿಸಿದ ಹಾಗಿತ್ತು. ಪುಸ್ತಕದಲ್ಲಿ ಕಂಡರೆ ನನಗೆ ತಟ್ಟನೆ ಗೊತ್ತಾಗುವ ಪದಗಳು ರೇಡಿಯೋದಲ್ಲಿ ಒಂದಕ್ಕೊಂದು ಕಲಸಿಹೋಗಿ ಬರುತ್ತಿದ್ದವು. ಇನ್ನೂ ಅಭ್ಯಾಸ ಸಾಲದು ಎಂದುಕೊಂಡು ಬೆಳಿಗ್ಗೆಯೂ ಹಾಕತೊಡಗಿದೆ. ಸಾಗರಕ್ಕೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಸ್ವಲ್ಪ ವಾಸಿ ಅನ್ನಿಸುತ್ತಿತ್ತು. ಬಸ್ಸಿನ ಗದ್ದಲಕ್ಕೆ ವಾಲ್ಯೂಮನ್ನು ತುದಿಗೆ ಏರಿಸಿಕೊಂಡಿರುತ್ತಿದ್ದೆ, ಅದಕ್ಕೇ ವಾಸಿ ಎಂದು ಆಗ ಹೊಳೆಯಲಿಲ್ಲ. ಗದ್ದಲದಲ್ಲಿ ಮನಸ್ಸು ಹೆಚ್ಚು ಏಕಾಗ್ರವಾಗುತ್ತದೆ ಎಂದು ನನಗೆ ನಾನೇ ಒಂದು ಸಿದ್ಧಾಂತ ಕಟ್ಟಿಕೊಂಡಿದ್ದೆ.

ಬರೀ ಜರ್ಮನರಾಗಿದ್ದರೆ ಸಹಿಸಬಹುದಿತ್ತು. ಕೆಲವು ವರ್ಷಗಳಿಂದ ಲೋಕವೇ ಮಾತು ನುಂಗಲು ಶುರು ಮಾಡಿದೆ ಎಂದು ನನಗೆ ಸಿಟ್ಟಿತ್ತು. ಆಸ್ಪತ್ರೆಯ ಹೊಸ ಹುಡುಗಿಯರು ಬಾಯಿಯಲ್ಲಿ ಎಲೆಯಡಿಕೆ ತುಂಬಿಕೊಂಡವರ ಹಾಗೆ ಮಾತಾಡುತ್ತಾರೆ ಎಂದು ಬೈಯುತ್ತಿದ್ದೆ. ಕೊರೋನಾ ಕಾಲದಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಆದರೆ ಆಗ ಯಾರ ಮಾತು ಯಾರಿಗೂ ಕೇಳುತ್ತಿರಲಿಲ್ಲ, ಎಲ್ಲರೂ ಕೂಗುತ್ತಿದ್ದರು, ಎಲ್ಲರೂ ಹಾಂ ಹಾಂ ಎನ್ನುತ್ತಿದ್ದರು. ಅವರ ನಡುವೆ ನಾನೂ ಒಬ್ಬಳು ಎಂದುಕೊಂಡೆ. ಜೊತೆಯ ಚೈತ್ರಾ ಎಂಬ ಹುಡುಗಿ ಮಾತಿನ ನಡುವೆ ಇದ್ದಕ್ಕಿದ್ದಂತೆ ಎದ್ದು ವಾರ್ಡಿಗೆ ಓಡುತ್ತಿದ್ದಳು, ಹೋಗಿ ನೋಡಿದರೆ ಯಾರದೋ ಡ್ರಿಪ್ಪಿನ ಪಂಪು ಕಿಂಯ್‌ಗುಟ್ಟುತ್ತಿರುತ್ತಿತ್ತಂತೆ. ಬಿಲ್ಡಪ್ಪು ಜಾಸ್ತಿ ಇವಳಿಗೆ ಎಂದುಕೊಳ್ಳುತ್ತಲೇ ನಾನೂ ಹಿಂದಿನಿಂದ ಓಡುತ್ತಿದ್ದೆ.

ಭವ್ಯಳ ಶಾಲೆಯಲ್ಲೂ ಅವಳ ಟೀಚರ್ ಒಂದು ದೂರು ಹೇಳಿದ್ದರು. ಹಿಂದಿನ ಬೆಂಚಿನಲ್ಲಿ ಕೂರಿಸಿದರೆ ಕನಸು ಕಾಣುತ್ತಾಳೆ, ಮುಂದೆ ಕೂರಿಸಿದರೆ ಚುರುಕು ಎಂದು. ಹಾಗಾದರೆ ಮುಂದೆಯೇ ಕೂರಿಸಿ ಮೇಡಂ, ಅದಕ್ಕೇನು ಎಂದು ನಾನು ಅವಸರದಲ್ಲಿ ಬಸ್ಸು ಹತ್ತಿದ್ದೆ.

ಮೂರನೆಯ ಸಲದ ಪರೀಕ್ಷೆ ಬೆಂಗಳೂರಿನಲ್ಲಿ ಆಯಿತು. ಗಾಜಿನ ಕಿಟಕಿಯ, ಎಸಿಯ ಕೋಣೆ. ಅಷ್ಟು ನಿಶ್ಶಬ್ದವಾದ ಕೋಣೆಯನ್ನು ನಾನು ಆಪರೇಷನ್ ಥಿಯೇಟರ್ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಮುಂದಿನ ಗೋಡೆಯ ಸ್ಪೀಕರಿನಿಂದ ಇಬ್ಬರು ಮಾತಾಡಿದರು. ಅವರ ಮಾತಿನ ಏರಿಳಿತ ಗೊತ್ತಾಗುತ್ತಿತ್ತು. ಒಬ್ಬಳು ಬೇಸರದಲ್ಲಿದ್ದಾಳೆ, ಇನ್ನೊಬ್ಬ ಸಮಾಧಾನ ಮಾಡುತ್ತಿದ್ದಾನೆ ಎನ್ನುವ ತನಕ ಗೊತ್ತಾಯಿತು. ಏನು ಬೇಸರ, ಎಂಥ ಸಮಾಧಾನ ಎಂಬುದು ಗೊತ್ತಾಗಲಿಲ್ಲ. ಸುತ್ತ ಎಲ್ಲರ ಪೆನ್ನುಗಳು ಓಡುತ್ತಿದ್ದವು. ವಾಲ್ಯೂಮ್ ಜಾಸ್ತಿ ಮಾಡಿ ಎಂದು ಕೈ ಎತ್ತಿದೆ. ಮೇಲ್ವಿಚಾರಕಿ ತುಟಿಯ ಮೇಲೆ ಬೆರಳಿಟ್ಟಳು. ದಿನವೂ ಬೆಳಿಗ್ಗೆ ಸಂಜೆ ಕೇಳಿದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಅಲ್ಲೇ ಅಳು ಬಂತು, ಅಳಲಿಲ್ಲ. ತೋಚಿದಲ್ಲಿ ಗುರುತು ಹಾಕಿ ಎದ್ದು ಬಂದೆ.

ಫಲಿತಾಂಶವನ್ನು ಹೇಳುವ ಅಗತ್ಯವಿಲ್ಲ. ಅವ್ವ ಮುಖ ನೋಡಿಯೇ ತಿಳಿದುಕೊಂಡು, "ಹೋಗ್ಲಿ ಬಿಡು, ಆ ಚಳಿ ದೇಶ ಎಂತಕ್ಕೆ" ಎಂದಳು. ಆ ಮಾತಿಗೆ ನಾನು ಅವ್ವನ ಮೇಲೆ ಹರಿಹಾಯ್ದೆ. ವರ್ಷದ ಕೊನೆಗೆ ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಅದೂ ಹೋದರೆ ವೃದ್ಧಾಶ್ರಮದವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ, ನನಗೆ ವಯಸ್ಸೂ ಮೀರುತ್ತದೆ, ಭವ್ಯ ಇಲ್ಲೇ ಆ ಪ್ರಶ್ನೆಯ ನಡುವೆಯೇ ದೊಡ್ಡವಳಾಗುತ್ತಾಳೆ. ರೇಡಿಯೋವನ್ನು ಇನ್ನೂ ಜೋರು ಮಾಡಿದೆ. ಪುಷ್ಪಮ್ಮ ತಮಾಷೆ ನಿಲ್ಲಿಸಿ ತಮ್ಮ ಕಿಟಕಿ ಹಾಕಿಕೊಳ್ಳತೊಡಗಿದರು.

ಮುಂದಿನ ಭಾನುವಾರದ ಕ್ಲಾಸಿಗೆ ಹೋದಾಗ ಹೇರಂಬ ಸರ್‌ಗೆ ನೆಗಡಿ. ಮಕ್ಕಳಿಗೆ ತಾಗದಿರಲಿ ಎಂದು ಮಾಸ್ಕ್ ಹಾಕಿಕೊಂಡು ಬಂದಿದ್ದರು. ಎದುರಿಗೆ ನಿಂತು, ಒಂದು ವಾರ್ತೆಯನ್ನು ರೇಡಿಯೋದವರ ಹಾಗೇ ಓದುತ್ತೇನೆ, ಬರೆದುಕೊಳ್ಳಿ ಎಂದರು. ಅಂದರೆ, ಹಾಗೆ ಅಂದರು ಎಂದು ಉಳಿದವರು ಪೆನ್ನು ಹಿಡಿದಾಗ ನಾನು ಊಹಿಸಿದೆ. ಓದಿ ಮುಗಿಸಿ ಹಾಳೆಗಳನ್ನು ಇಸಿದುಕೊಂಡರು. ನನ್ನ ಹಾಳೆಯಲ್ಲಿ ಎರಡೋ ಮೂರೋ ಪದಗಳಿದ್ದವು, ಅವೂ ತಪ್ಪು. ಪ್ರತಿ ವಾರ ಅವರು ಎದುರಿಗೆ ನಿಂತು ಓದಿದಾಗ ತಪ್ಪಿಲ್ಲದೆ ಬರೆಯುತ್ತಿದ್ದವಳು ನಾನೇ.

ಅವರು ಆ ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಕ್ಲಾಸು ಮುಗಿದು ಮಕ್ಕಳು ಇಳಿದು ಹೋದರು. ನಾನು ಬ್ಯಾಗಿಗೆ ಪುಸ್ತಕ ತುಂಬುತ್ತಾ, ಬಸ್ಸಿಗೆ ಹೊತ್ತಾಯಿತು ಎಂದು ಯೋಚಿಸುತ್ತಿದ್ದೆ. ತಲೆಯೆತ್ತಿದರೆ ಸರ್ ಮೇಜಿನ ಹತ್ತಿರ ಇಲ್ಲ. ತಿರುಗಿ ನೋಡಿದರೆ ನನ್ನ ಹಿಂದಿನ ಬೆಂಚಿನ ಪಕ್ಕ ನಿಂತಿದ್ದಾರೆ, ಮಾಸ್ಕ್ ತೆಗೆದಿದ್ದಾರೆ. ಅವರ ಮುಖ ನೋಡಿ ನನಗೆ ಹೆದರಿಕೆಯಾಯಿತು.

"ಎಂತ ಸರ್?" ಎಂದೆ.

"ನಾನು ಕರ್ದೆ."

"ಜರ್ಮನ್‌ನಲ್ಲಿ ಕರ್ದ್ರೇನೋ, ಗೊತ್ತಾಗ್ಲಿಲ್ಲ."

"ಇಲ್ಲ ಹೇಮಾವತಿಯವ್ರೆ" ಎಂದರು. ಅವರ ತುಟಿಗಳನ್ನು ನಾನು ಅಷ್ಟು ಗಮನವಿಟ್ಟು ನೋಡುತ್ತಿದ್ದೇನೆಂದು ಮೊದಲ ಸಲ ನನಗೇ ಗೊತ್ತಾಯಿತು. "ಕನ್ನಡದಲ್ಲೇ ಕರ್ದೆ. ಹೆಸರು ಹಿಡ್ದು, ಬೇಕಂತ ಮೆಲ್ಲಗೆ, ಮೂರು ನಾಲ್ಕು ಸಲ ಕರ್ದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊರಟವಳನ್ನು ಹಿಂದಿನಿಂದ ಯಾರಾದರೂ ಕರೆಯುತ್ತಾರಾ ಸರ್, ನಮ್ಮ ಮನೆಯಲ್ಲಿ ಹಾಗೆಲ್ಲ ಕರೆಯುವುದಿಲ್ಲ ಎಂದು ಏನೇನೋ ಅಂದುಬಿಟ್ಟೆ. "ತಪ್ಪು ತಿಳ್ಕೋಬೇಡಿ. ಒಂದ್ಸಲ ಕಿವಿ ತೋರ್ಸಿ. ನಾನು ನಿಮಗೆ ರೇಡಿಯೋ ಕೇಳಿ ಅಂತ ಹೇಳ್ತಾನೇ ಬಂದೆ" ಎಂದರು.

ತೀರ್ಥಹಳ್ಳಿಯಿಂದ ಹೊಸನಗರದ ತನಕ ಬಸ್ಸಿನಲ್ಲಿ ಇಯರ್‌ಫೋನ್ ಹಾಕಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಿಟಕಿಯ ಕಡೆ ಮುಖ ಮಾಡಿ ಏನೋ ಹೇಳಿದಳು. ಹೌದು ಎಂದು ತಲೆಯಾಡಿಸಿದೆ. ಆಮೇಲೆ ಯೋಚಿಸಿದೆ, ಇಂಥ ಹೌದುಗಳನ್ನು ನಾನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ ಎಂದು. ರೋಗ ಮುಚ್ಚಿಟ್ಟುಕೊಂಡು ಕೊನೆಗೆ ಬರುವ ರೋಗಿಗಳನ್ನು ಕಂಡರೆ ಉರಿದು ಬೀಳುವವಳು ನಾನು.

ಸಾಗರದಲ್ಲಿ ನಮ್ಮ ಆಸ್ಪತ್ರೆಗೆ ಗೊತ್ತಾಗದ ಹಾಗೆ ಬೇರೊಂದು ಕಡೆ ಕಿವಿ ಪರೀಕ್ಷೆಗೆ ಹೋದೆ. ಸಣ್ಣ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದಳು ಅಲ್ಲಿನ ಹುಡುಗಿ. ಮೊದಮೊದಲು ದಪ್ಪ ಶಬ್ದಗಳು ಬಂದವು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಯಂತ್ರ ಕೆಟ್ಟಿತೇನೋ ಎಂದು ಗಾಜಿನಾಚೆ ನೋಡಿದರೆ ಅವಳು ನನ್ನ ಕಡೆ ನೋಡದೆ ಒಂದೊಂದೇ ಗುರುತು ಹಾಕಿಕೊಳ್ಳುತ್ತಿದ್ದಳು. ಯಂತ್ರ ಕೆಟ್ಟಿರಲಿಲ್ಲ.

ಹೊರಗೆ ಬಂದ ಮೇಲೆ ಒಂದು ಹಾಳೆ ತೋರಿಸಿ ವಿವರಿಸಿದಳು. ಎಡದಿಂದ ನೆಟ್ಟಗೆ ಬಂದ ಗೆರೆ ಬಲಕ್ಕೆ ಹೋಗುತ್ತಾ ಜಾರಿ ಕೆಳಗೆ ಬಿದ್ದಿತ್ತು. ದಪ್ಪ ಶಬ್ದ ನನಗೆ ಕೇಳುತ್ತದೆ, ತೆಳ್ಳನೆಯದು ಕೇಳುವುದಿಲ್ಲ. ಹಕ್ಕಿಯ ದನಿ, ಪಂಪಿನ ಕಿಂಯ್‌ಗುಟ್ಟುವಿಕೆ, ಮಾತಿನೊಳಗಿನ ಸಕಾರ ತಕಾರಗಳಂಥ ಸಣ್ಣ ಸದ್ದುಗಳು ನನ್ನ ತನಕ ಬರುವುದೇ ಇಲ್ಲ.

"ಕನ್ನಡ ಕೇಳತ್ತಲ್ಲಮ್ಮಾ ನಂಗೆ" ಎಂದೆ.

"ಕನ್ನಡ ಹುಟ್ಟಿದಾಗ್ಲಿಂದ ಗೊತ್ತಲ್ಲ ಮೇಡಂ. ಅರ್ಧ ಕೇಳಿದ್ರೂ ಉಳಿದದ್ದನ್ನ ನೀವೇ ತುಂಬ್ಕೊಳ್ತೀರಿ. ತುಟಿ ನೋಡ್ತೀರಿ. ಗೊತ್ತಿಲ್ದಿರೋ ಭಾಷೇಲಿ ಎಂತ ತುಂಬ್ಕೊಳ್ಳೋದು?" ಎಂದಳು. ನಿಧಾನವಾಗಿ, ನನ್ನ ಎದುರಿಗೇ ಮುಖವಿಟ್ಟು ಹೇಳಿದಳು. "ಇದು ನರದ್ದು. ಹೋದದ್ದು ವಾಪಸ್ ಬರಲ್ಲ. ನಿಧಾನಕ್ಕೆ ಇನ್ನೂ ಹೋಗ್ಬಹುದು. ವಂಶದಿಂದ ಬಂದ ಹಾಗಿದೆ. ನಿಮ್ಮ ಮನೇಲಿ ಇನ್ಯಾರಿಗಾದ್ರೂ ಕಿವಿ ಮಂದ ಇತ್ತಾ?"

"ಇಲ್ಲ" ಎಂದೆ. "ನಮ್ಮನೇಲಿ ಯಾರಿಗೂ ಇಲ್ಲ. ನಮ್ಮಲ್ಲಿ ಹಿಂದಿಂದ ಕರೆಯೋ ಪದ್ಧತಿ ಇಲ್ಲ, ಅಷ್ಟೆ. ಮುಟ್ಟಿ..."

ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತ ಅವ್ವ ಕಣ್ಣ ಮುಂದೆ ಬಂದಳು. ಮುಟ್ಟಿ ಮಾತಾಡಿಸು ಎಂದು ಗದರುವ ಅವ್ವ, ಅವಳಿಗೆ ಹಾಗೆಯೇ ಗದರಿದ ಅಜ್ಜಿ. ಕಿವುಡು ಎಂಬ ಮಾತನ್ನು ಬಾಯಿಗೆ ತರದೆ ಮೂರು ತಲೆಮಾರು ಸಂಸಾರ ಮಾಡಿಬಿಟ್ಟಿದ್ದೆವು. ಆ ಪದ್ಧತಿಯೊಂದು ಇಲ್ಲದಿದ್ದರೆ ಯಾರಾದರೂ ಯಾವತ್ತಾದರೂ ಹಿಂದಿನಿಂದ ಕರೆಯುತ್ತಿದ್ದರು, ಯಾರಾದರೂ ತಿರುಗದೆ ಕೂತಿರುತ್ತಿದ್ದರು, ಎಂದೋ ಗೊತ್ತಾಗುತ್ತಿತ್ತು. ಆ ಹುಡುಗಿ ಒಂದು ಲೋಟ ನೀರು ತಂದುಕೊಟ್ಟಳು.

ನಾಲ್ಕು ದಿನ ಹಾಕಿಕೊಂಡು ನೋಡಿ ಎಂದು ಎರಡು ಕಿವಿಗೂ ಯಂತ್ರ ಕೊಟ್ಟು ಕಳಿಸಿದಳು. ರಸ್ತೆಗೆ ಇಳಿದದ್ದೇ ತಡ, ಸಾಗರ ಪೇಟೆ ಮೈಮೇಲೆ ಬಿದ್ದಂತಾಯಿತು. ನನ್ನ ಚಪ್ಪಲಿಗೆ ಸದ್ದಿದೆ. ಕಂಡಕ್ಟರ್ ಟಿಕೆಟ್ ಹರಿದರೆ ಕಾಗದಕ್ಕೆ ಸದ್ದಿದೆ. ಇವೆಲ್ಲ ಇಷ್ಟು ವರ್ಷ ಇದ್ದವೇ, ನಾನೊಬ್ಬಳೇ ಹೊರಗಿದ್ದೆನೇ ಎಂದು ಸೀಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಆದರೂ, ಸುಳ್ಳು ಹೇಳುವುದಿಲ್ಲ, ಅಳುವಿನ ನಡುವೆಯೂ ಒಂದು ಆಸೆ ಹುಟ್ಟಿತು. ಇದನ್ನು ಹಾಕಿಕೊಂಡೇ ಪರೀಕ್ಷೆಗೆ ಕೂರಬಹುದಲ್ಲ.

ಬಸ್ಸಿನಿಂದಲೇ ನನ್ನನ್ನು ಜರ್ಮನಿಗೆ ಕಳಿಸುವ ಏಜೆನ್ಸಿಯ ಹೆಂಗಸಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಪರೀಕ್ಷೆ ಬಿಡಿ ಮೇಡಂ, ಅದಕ್ಕೇನೋ ದಾರಿ ಇರತ್ತೆ. ಆದ್ರೆ ಮೆಡಿಕಲ್‌ನಲ್ಲಿ ಇದನ್ನ ತೋರಿಸ್ಲೇಬೇಕಲ್ಲ. ಇನ್ನೂ ಹೋಗ್ತಾ ಹೋಗತ್ತೆ ಅಂತೀರಿ. ಅಲ್ಲಿ ರಾತ್ರಿ ಪಾಳಿ, ಒಬ್ರೇ ಇರ್ಬೇಕು, ವಯಸ್ಸಾದವ್ರು ಕರೀತಾರೆ. ನೋಡೋಣ" ಎಂದಳು. ನೋಡೋಣ ಎಂದರೆ ಏನು ಎಂದು ಕನ್ನಡದಲ್ಲಿ ಎಲ್ಲರಿಗೂ ಗೊತ್ತು. ಅವಳ ಮಾತು ಮಾತ್ರ ಒಂದಕ್ಷರ ಬಿಡದೆ ಕೇಳಿಸಿತು.

ಫೋನ್ ಇಟ್ಟು ಹೊರಗೆ ನೋಡುತ್ತಾ ಕೂತೆ. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಹಾಸಿಗೆ ಹಿಡಿದ ಯಾರೋ ಮುದುಕಿ ಹಿಂದಿನಿಂದ ಕರೆದರೆ ನನಗೆ ಕೇಳುವುದಿಲ್ಲ, ಅವಳು ಎದ್ದು ಬಂದು ಮುಟ್ಟುವಂತಿಲ್ಲ. ಜರ್ಮನಿ ಹೋಯಿತು. ಇಲ್ಲಿನ ಕೆಲಸವೂ ಎಷ್ಟು ದಿನವೋ. ಭವ್ಯಳಾದರೂ ಚೆನ್ನಾಗಿ ಓದಿ ಅವಳೇ ಎಲ್ಲಿಗಾದರೂ ಹೋಗಲಿ ಎಂದುಕೊಂಡೆ. ಹೊಸನಗರ ಬರುವ ಹೊತ್ತಿಗೆ ಉಳಿದದ್ದು ಅದೊಂದೇ.

ಇಳಿದು ನಮ್ಮ ಬೀದಿಗೆ ತಿರುಗಿದಾಗ ಸಂಜೆಯಾಗಿತ್ತು. ಪುಷ್ಪಮ್ಮನ ಮನೆಯ ಕಿಟಕಿ ಹಾಕಿತ್ತು. ನಮ್ಮ ಮನೆಯಿಂದ ರೇಡಿಯೋದ ದನಿ ಬೀದಿಯ ತುದಿಗೇ ಕೇಳುತ್ತಿತ್ತು. ನಾನು ಬರುವ ಹೊತ್ತಿಗೆ ಸ್ಟೇಷನ್ ಹಾಕಿಡುವುದು ಭವ್ಯಳ ಕೆಲಸ. ನಿಂತು ಕೇಳಿದೆ. ಗಂಡಸೊಬ್ಬ ರಸ್ತೆಗಳ ಸಮಾಚಾರ ಹೇಳುತ್ತಿದ್ದ. ಯಾವುದೋ ಸೇತುವೆಯ ಹತ್ತಿರ ಲಾರಿ ಅಡ್ಡ ಬಿದ್ದಿತ್ತು, ಈಗ ತೆಗೆದಿದ್ದಾರೆ, ದಾರಿ ತೆರೆದಿದೆ, ಎರಡೂ ಕಡೆ ವಾಹನಗಳು ಸಲೀಸಾಗಿ ಹೋಗುತ್ತಿವೆ. ಪದಗಳಿಗೆ ತುದಿಯಿತ್ತು. ಒಂದರಿಂದ ಒಂದು ಬಿಡಿಬಿಡಿಯಾಗಿ, ಬೆಂದ ಅನ್ನದ ಹಾಗೆ ಬಂದವು. ಆ ವಾಕ್ಯಗಳು ಇಡಿಯಾಗಿ ನನಗೆ ಅರ್ಥವಾದವು, ಅವುಗಳಿಂದ ನನಗಿನ್ನು ಏನೂ ಆಗಬೇಕಾಗಿರಲಿಲ್ಲ.

ಭವ್ಯ ಎಂದಿನಂತೆ ಜಗಲಿಯಲ್ಲಿ ಕಿಟಕಿಗೆ ಬೆನ್ನು ಕೊಟ್ಟು, ತಲೆ ಬಗ್ಗಿಸಿ ಬರೆಯುತ್ತಿದ್ದಳು. ಅಳುಮೋರೆ ತೋರಿಸುವುದು ಬೇಡ, ಮುಖ ತೊಳೆದು ಬರೋಣ ಎಂದು ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಅವ್ವ ಅಡುಗೆಮನೆಯಲ್ಲಿ ಬೆನ್ನು ಮಾಡಿ ಕೆಸುವಿನ ಸೊಪ್ಪು ಹೆಚ್ಚುತ್ತಿದ್ದಳು. ನಾನು ಅವಳ ಹಿಂದೆಯೇ ದಾಟಿ ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಮುಖ ತೊಳೆದು ನಡುಮನೆಗೆ ಬಂದಾಗ ರೇಡಿಯೋದ ಅಬ್ಬರಕ್ಕೆ ಯಂತ್ರ ಹಾಕಿದ ಕಿವಿ ನೋಯತೊಡಗಿತು. ಕಿಟಕಿಯ ಹತ್ತಿರ ಹೋಗಿ ಗುಂಡಿಯನ್ನು ಇಳಿಸಿದೆ. ಎಲ್ಲರ ಮನೆಗಳಲ್ಲಿ ಇರುವಷ್ಟಕ್ಕೆ ಇಳಿಸಿದೆ, ಅದಕ್ಕಿಂತ ಕಡಿಮೆಯಲ್ಲ. ಇಷ್ಟರಲ್ಲೇ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಭವ್ಯಳ ಪೆನ್ಸಿಲ್ ಕಾಗದದ ಮೇಲೆ ಓಡುವುದೂ ಕೇಳುತ್ತಿತ್ತು.

ಆ ಪೆನ್ಸಿಲ್ಲಿನ ಸದ್ದು ನಿಂತಿತು. ಅವಳು ತಲೆಯನ್ನು ಸ್ವಲ್ಪ ವಾರೆ ಮಾಡಿದಳು.

ಹಾಗೆ ಮಾಡಬೇಕೆಂದು ನಾನು ಯೋಚಿಸಿರಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಸರಳುಗಳ ಈಚೆಯಿಂದ, ಅವಳ ತಲೆಯ ಹಿಂದೆ ಒಂದು ಮೊಳ ದೂರದಲ್ಲಿ ನಿಂತು "ಭವ್ಯ" ಎಂದೆ.

ಮತ್ತೊಮ್ಮೆ ಕರೆದೆ. ಪುಷ್ಪಮ್ಮನ ಮನೆಯ ನಾಯಿ ಬೇಲಿಯ ಹತ್ತಿರ ಕಿವಿ ನೆಟ್ಟಗೆ ಮಾಡಿ ನನ್ನ ಕಡೆ ನೋಡಿತು. ನನ್ನ ಮಗಳು ತಿರುಗಲಿಲ್ಲ.

ಅವಳ ಎಡಗೈ ಹಿಂದಕ್ಕೆ ಬಂತು. ದಿನವೂ ಬರುವ ಹಾಗೆ, ತಿರುಗಿ ನೋಡದೆ, ಸರಳುಗಳ ನಡುವೆ ತೂರಿ ಗುಂಡಿಗಾಗಿ ತಡಕಾಡಿತು. ಗುಂಡಿಯ ಮೇಲೆ ಇನ್ನೂ ನನ್ನ ಕೈಯಿತ್ತು. ಅವಳ ಬೆರಳು ನನ್ನ ಬೆರಳಿಗೆ ತಾಗಿದ್ದೇ ಬೆಚ್ಚಿ ತಿರುಗಿದಳು, ನನ್ನ ಮುಖ ನೋಡಿ ನಕ್ಕಳು.

"ಅಮ್ಮ, ಯಾವಾಗ ಬಂದೆ? ಇವತ್ತು ಅವ್ರು ಎಂತಕ್ಕೆ ಇಷ್ಟು ಮೆಲ್ಲ ಮಾತಾಡ್ತಿದಾರೆ?"